ದೂರದ ಬೇಟೆಯೂ ಮ್ಯಾಗ್ನಮ್ ತೋಟಾಗಳೂ

ಕೊಡಗಿನ ಸ್ನೇಹಿತರೊಬ್ಬರ ಮನೆಯಲ್ಲಿ ಒಂದು ಸಂಜೆ ನಾವು ಕಾಫಿಗೆ ಕುಳಿತಿದ್ದಾಗ, ಅವರ ತಂದೆಯವರು ಒಳಗಿನಿಂದ ಎರಡು ಹಿತ್ತಾಳೆಯ ತೋಟಾಗಳನ್ನು ತಂದು ಮೇಜಿನ ಮೇಲೆ ನಿಲ್ಲಿಸಿದರು. ಎರಡೂ ಹಾರಿಸಿ ಬರಿದಾದವು. ಒಂದು ಬುಡದಿಂದ ಬಾಯವರೆಗೆ ಹೆಚ್ಚು ಕಡಮೆ ಒಂದೇ ಗಾತ್ರದ್ದು, ಬಾಯಿ ಅಗಲ. ಇನ್ನೊಂದು ಅದಕ್ಕಿಂತ ಉದ್ದ. ಹೆಗಲು ಮೆಲ್ಲಗೆ ಇಳಿಜಾರಾಗಿ ಕತ್ತು ಕಿರಿದಾಗಿತ್ತು. ಬುಡದ ಬಳಿ ಉಬ್ಬಿದ ಪಟ್ಟಿಯೊಂದು ಸುತ್ತುವರಿದಿತ್ತು. "ಇವೆರಡರಲ್ಲಿ ದೊಡ್ಡದು ಯಾವುದು, ಹೇಳಿ ನೋಡೋಣ ಮೇಷ್ಟ್ರೇ" ಎಂದು ಆ ಹಿರಿಯರು ಕೇಳಿದರು. ಅಗಲಬಾಯಿಯದು ಅಮೆರಿಕದ .405 ವಿಂಚೆಸ್ಟರ್. ಉದ್ದನೆಯದು ಇಂಗ್ಲೆಂಡಿನ .300 ಹಾಲೆಂಡ್ ಮ್ಯಾಗ್ನಮ್. ಪ್ರಶ್ನೆ ಕಂಡಷ್ಟು ಸುಲಭವಾದುದಲ್ಲವೆಂಬುದು ನಮಗೆ ತಿಳಿದದ್ದು ಬಹಳ ತಡವಾಗಿ. ಆ ಪ್ರಶ್ನೆಯ ಹಿಂದಿರುವ ಚರಿತ್ರೆಯೇ ಇಂದಿನ ನಮ್ಮ ವಿಷಯ.

ನಾವು ಬೇಟೆಗಾರರಲ್ಲ, ಜೀವಮಾನದಲ್ಲಿ ಒಂದು ಮೊಲಕ್ಕೂ ಗುರಿಯಿಟ್ಟವರಲ್ಲ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಶಾಸನ ಬಂದಮೇಲೆ ದೊಡ್ಡ ಬೇಟೆಯ ಅಧ್ಯಾಯವು ಮುಗಿದೇ ಹೋಯಿತು; ಹಾಗೆ ಮುಗಿದುದು ಒಳ್ಳೆಯದೇ ಆಯಿತೆಂದು ನಾವು ತಿಳಿಯುತ್ತೇವೆ. ಆದರೆ ಅಮೆರಿಕದ ಪರ್ವತಗಳಲ್ಲಿ, ಆಫ್ರಿಕದ ಬಯಲುಗಳಲ್ಲಿ ಅದು ಇಂದಿಗೂ ಶಾಸನಬದ್ಧವಾಗಿ ನಡೆಯುತ್ತಿದೆ. ಅಲ್ಲಿ ಯಾವ ತೋಟಾ ಮೇಲು ಎಂಬ ವಾದವು, ನಮ್ಮಲ್ಲಿ ವೀಣೆಯ ಬಾನಿಗಳ ವಾದದಂತೆ, ಮುಗಿಯುವ ಸೂಚನೆಯೇ ಇಲ್ಲ. ಚರಿತ್ರೆಯನ್ನು ಓದತಕ್ಕವರಿಗೆ ಈ ವಾದದಲ್ಲಿ ಸ್ವಾರಸ್ಯವುಂಟು. ಮನುಷ್ಯನು ದೂರವನ್ನು ಗೆಲ್ಲಲು ವೇಗವನ್ನು ನಂಬಿದನು. ಆ ನಂಬಿಕೆಗೆ ಒಮ್ಮೆ ಮನುಷ್ಯನೂ, ಅನೇಕ ಸಲ ಮೃಗವೂ ಬೆಲೆ ತೆತ್ತವು.

ಮೊದಲು ಅಳತೆಯ ಮಾತು. .300, .375 ಎಂಬ ಸಂಖ್ಯೆಗಳು ನಳಿಗೆಯ ಅಥವಾ ಗುಂಡಿನ ಅಡ್ಡಗಲವನ್ನು ಅಂಗುಲದ ಸಾವಿರದಲ್ಲೊಂದು ಪಾಲಿನ ಲೆಕ್ಕದಲ್ಲಿ ಸೂಚಿಸುತ್ತವೆ. ಎಲ್ಲ ಕಾಲದಲ್ಲಿಯೂ ನಿಖರವಾಗಿ ಅಲ್ಲ, ಹೆಸರಿಡುವುದರಲ್ಲಿ ವ್ಯಾಪಾರಿಗಳು ಸ್ವಲ್ಪ ಸ್ವಾತಂತ್ರ್ಯ ವಹಿಸಿದ್ದಾರೆ. ಗುಂಡಿನ ತೂಕವನ್ನು ಇಂಗ್ಲಿಷರು ಗ್ರೇನುಗಳಲ್ಲಿ ಹೇಳುತ್ತಾರೆ. ನಮ್ಮವರಿಗೆ ಇದನ್ನು ತಿಳಿಸಲು ಒಂದು ಸುಲಭೋಪಾಯವಿದೆ: ಒಂದು ತೊಲವೆಂದರೆ ಸರಿಯಾಗಿ 180 ಗ್ರೇನು, ಹಳೆಯ ಬೆಳ್ಳಿಯ ರೂಪಾಯಿಯ ತೂಕವೂ ಅಷ್ಟೆ. .300 ಜಾತಿಯ ಕೋವಿಗಳಲ್ಲಿ ಬಹಳ ಕಾಲದಿಂದ ರೂಢಿಯಲ್ಲಿರುವ ಗುಂಡು ಈ 180 ಗ್ರೇನಿನದೇ. ಆದುದರಿಂದ ಶ್ರೋತೃಗಳು ಒಂದು ಬೆಳ್ಳಿಯ ರೂಪಾಯಿಯಷ್ಟು ಲೋಹವು ಕಡ್ಡಿಯಂತೆ ಉದ್ದವಾಗಿ ಸೆಕೆಂಡಿಗೆ ಮೂರು ಸಾವಿರ ಅಡಿಯ ವೇಗದಲ್ಲಿ ಹೋಗುವುದನ್ನು ಊಹಿಸಿಕೊಂಡರೆ, ಮುಂದಿನ ಮಾತೆಲ್ಲ ಸುಲಭವಾಗುವುದು.

ಕಪ್ಪು ಮದ್ದಿನ ಕಾಲದಲ್ಲಿ ಈ ವೇಗದ ಕನಸೇ ಇರಲಿಲ್ಲ. ಆ ಮದ್ದನ್ನು ಎಷ್ಟು ತುಂಬಿದರೂ ಗುಂಡಿನ ವೇಗ ಒಂದು ಮಿತಿಯನ್ನು ಮೀರುತ್ತಿರಲಿಲ್ಲ. ಆದಕಾರಣ ಆನೆಯಂತಹ ಮೃಗಕ್ಕೆ ತೂಕವೇ ಗತಿ. ಒಂದು ಪೌಂಡ್ ಸೀಸದಿಂದ ನಾಲ್ಕೇ ಗುಂಡು ಎರಕವಾಗುವಷ್ಟು ದಪ್ಪ ನಳಿಗೆಯ ಕೋವಿಗೆ ನಾಲ್ಕರ ಬೋರು ಎಂದು ಹೆಸರು. ಗುಂಡೊಂದು ಲೆಕ್ಕಕ್ಕೆ ಸುಮಾರು ಹತ್ತು ತೊಲ. ನಮ್ಮ ಮೈಸೂರು ಸೀಮೆಯಲ್ಲಿ ಆನೆ ಹಿಡಿಯುವ ಖೆಡ್ಡಾವನ್ನು ನಡೆಸಿ, 1878ರಲ್ಲಿ ತನ್ನ ಕಾಡಿನ ಅನುಭವಗಳನ್ನು ಗ್ರಂಥವಾಗಿ ಪ್ರಕಟಿಸಿದ ಸ್ಯಾಂಡರ್ಸನ್ ದೊರೆಯು ನಂಬಿದ್ದುದು ಇಂತಹ ನಾಲ್ಕರ, ಎಂಟರ ಬೋರಿನ ಕೋವಿಗಳನ್ನೇ. ನೈಲ್ ನದಿಯ ಮೂಲವನ್ನು ಅರಸುತ್ತ ಹೋದ ಸ್ಯಾಮ್ಯುಅಲ್ ಬೇಕರನ ಬಳಿ ಅರ್ಧ ಪೌಂಡಿನ ಗುಂಡು ಹಾರಿಸುವ ಕೋವಿಯೊಂದಿದ್ದಿತು. ಅದಕ್ಕೆ ಅವನು ಇಟ್ಟ ಹೆಸರು 'ಬೇಬಿ', ಅಂದರೆ ಎಳೆಗೂಸು! ಇಂತಹ ಕೋವಿಗಳಿಂದ ಐವತ್ತು ಗಜದಾಚೆ ಹೊಡೆಯುವ ಆಸೆಯನ್ನು ಯಾರೂ ಇಟ್ಟುಕೊಳ್ಳುತ್ತಿರಲಿಲ್ಲ.

ಜಿಂಕೆ ಸಾರಂಗಗಳ ಬೇಟೆಗೆ ಮಾತ್ರ ಬೇರೆ ದಾರಿಯೊಂದು ತೆರೆಯಿತು. 1856ರಲ್ಲಿ ಲಂಡನ್ನಿನ ಜೇಮ್ಸ್ ಪರ್ಡಿ ಎಂಬ ಕೋವಿಗಾರನು ಹಗುರವಾದ ಗುಂಡಿಗೆ ಹೆಚ್ಚು ಮದ್ದನ್ನು ಕೊಟ್ಟು, ಆಗ ಹೊಸದಾಗಿದ್ದ ರೈಲುಗಾಡಿಯ ನೆನಪಿನಿಂದ ಅದನ್ನು 'ಎಕ್ಸ್‌ಪ್ರೆಸ್ ಟ್ರೇನ್' ಎಂದು ಕರೆದನು. ಮುಂದೆ ಇನ್ನೂ ದೊಡ್ಡ ತೋಟಾಗಳು ಬಂದಾಗ ರೈಲಿನ ಹೆಸರು ಸಾಲದೆ ಹೋಯಿತು. ಮಾಮೂಲಿಗಿಂತ ಎರಡರಷ್ಟು ಹಿಡಿಯುವ ಷಾಂಪೇನ್ ಸೀಸೆಗೆ ಇದ್ದ 'ಮ್ಯಾಗ್ನಮ್' ಎಂಬ ಲ್ಯಾಟಿನ್ ಹೆಸರನ್ನು ತಂದು ಅಂಟಿಸಿದರು. ಈ ಮಾತಿಗೆ ಶಾಸ್ತ್ರೀಯವಾದ ಲಕ್ಷಣವೇನೂ ಇಲ್ಲ. ಮೊದಲಿನಿಂದಲೂ ಅದು ಅಂಗಡಿಯ ಮಾತು.

1884ರಲ್ಲಿ ಫ್ರಾನ್ಸಿನ ವಿಯೆಯ್ ಎಂಬ ರಸಾಯನಶಾಸ್ತ್ರಜ್ಞನು ಹೊಗೆಯಿಲ್ಲದ ಮದ್ದನ್ನು ಕಂಡುಹಿಡಿದನು. 1889ರಲ್ಲಿ ಇಂಗ್ಲೆಂಡಿನಲ್ಲಿ ಕಾರ್ಡೈಟ್ ಬಂದಿತು. ಎಳೆ ಎಳೆಯಾಗಿ ಶಾವಿಗೆಯಂತಿದ್ದ ಮದ್ದು. 1898ರಲ್ಲಿ ರಿಗ್ಬಿಯವರು ಹೊರತಂದ .450 ನೈಟ್ರೊ ಎಕ್ಸ್‌ಪ್ರೆಸ್ ತೋಟಾವು 480 ಗ್ರೇನಿನ, ಎಂದರೆ ಮೂರು ತೊಲಕ್ಕೂ ಕಡಮೆಯಾದ ಗುಂಡನ್ನು ಸೆಕೆಂಡಿಗೆ 2,150 ಅಡಿಯ ವೇಗದಲ್ಲಿ ಎಸೆದು, ಹತ್ತು ತೊಲದ ಸೀಸದುಂಡೆಯ ಕೆಲಸವನ್ನು ಅದಕ್ಕಿಂತ ಚೆನ್ನಾಗಿ ಮಾಡಿತು. ಇದರ ಹಿಂದೆಯೇ ರಾಜಕೀಯ ಪ್ರವೇಶಿಸಿದುದನ್ನು ಹೇಳದೆ ಮುಂದೆ ಹೋಗಲಾಗದು. ಬ್ರಿಟಿಷ್ ಸೈನ್ಯದ ಹಳೆಯ ಮಾರ್ಟಿನಿ-ಹೆನ್ರಿ ಕೋವಿಗಳ ಅಳತೆಯೂ .450 ಆಗಿದ್ದಿತು. ದಂಗೆಯೇಳುವವರ ಕೈಗೆ ಆ ಗಾತ್ರದ ಗುಂಡುಗಳು ಸೇರಬಾರದೆಂದು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಸರಕಾರವು ಹಿಂದೂಸ್ಥಾನಕ್ಕೆ .450 ಕೋವಿಗಳ ಆಮದನ್ನೇ ನಿಷೇಧಿಸಿತು. ಕೋವಿಗಾರರು ಸೋಲಲಿಲ್ಲ: .465, .470, .475, .476 ಎಂದು ಕೂದಲೆಳೆಯ ಅಂತರದ ತೋಟಾಗಳನ್ನು ಸಾಲಾಗಿ ಹುಟ್ಟಿಸಿದರು. ನಮ್ಮ ಸಂಸ್ಥಾನಗಳ ಅರಮನೆಗಳ ಆಯುಧಶಾಲೆಗಳಲ್ಲಿ ಕಾಣುವ ಆ ವಿಚಿತ್ರ ಸಂಖ್ಯೆಗಳಿಗೆ ಕಾರಣ ಬೇಟೆಯ ಅವಶ್ಯಕತೆಯಲ್ಲ, ಸರಕಾರದ ಭೀತಿ.

ಇವೆಲ್ಲ ಹತ್ತಿರದ ಬೇಟೆಯ ಕೋವಿಗಳು. ದೂರದ ಬೇಟೆಯ ಕತೆ ಬೇರೆ. ಸ್ಕಾಟ್ಲೆಂಡಿನ ಬೋಳುಗುಡ್ಡಗಳಲ್ಲಿ, ಪೂರ್ವ ಆಫ್ರಿಕದ ಹುಲ್ಲುಬಯಲುಗಳಲ್ಲಿ, ಹಿಮಾಲಯದ ಮಾರ್ಖೋರ್ ಅಲೆಯುವ ಬಂಡೆಗಳಲ್ಲಿ ಮೃಗವು ಬೇಟೆಗಾರನನ್ನು ಅರ್ಧ ಮೈಲಿಯಿಂದ ಕಾಣುತ್ತದೆ. ಅಲ್ಲಿ ನೇರವಾಗಿ, ಹೆಚ್ಚು ಇಳಿಯದೆ ಹೋಗತಕ್ಕ ಗುಂಡು ಬೇಕು. ಸರ್ ಚಾರಲ್ಸ್ ರಾಸ್ ಎಂಬ ಸ್ಕಾಟ್ ಜಮೀನುದಾರನು ಕೆನಡದ ಕ್ವೆಬೆಕ್‌ನಲ್ಲಿ ಕೋವಿಯ ಕಾರಖಾನೆಯನ್ನು ಕಟ್ಟಿ, 1907ರ ಹೊತ್ತಿಗೆ .280 ರಾಸ್ ಎಂಬ ತೋಟಾವನ್ನು ಹೊರತಂದನು. ಮುಕ್ಕಾಲು ತೊಲಕ್ಕಿಂತ ತುಸು ಹೆಚ್ಚು ತೂಕದ ಗುಂಡು, ವೇಗವೋ ಸೆಕೆಂಡಿಗೆ ಮೂರು ಸಾವಿರ ಅಡಿಗೆ ಸಮೀಪ. ಆ ಕಾಲಕ್ಕೆ ಇದೊಂದು ಅದ್ಭುತ. ಗುರಿಯ ಪಂದ್ಯಗಳಲ್ಲಿ ಅದಕ್ಕೆ ಸಾಟಿಯಿರಲಿಲ್ಲ. ಜಿಂಕೆಗಳು ಸಿಡಿಲು ಹೊಡೆದಂತೆ ಬೀಳುತ್ತಿದ್ದುವು. ಇನ್ನು ಭಾರದ ಗುಂಡು ಏತಕ್ಕೆ ಎಂದು ಜನ ಕೇಳತೊಡಗಿದರು.

ಉತ್ತರವು 1911ರ ಆರಂಭದಲ್ಲಿ ದೊರೆಯಿತು. ಇಂಗ್ಲೆಂಡಿನ ವಿದೇಶಾಂಗ ಮಂತ್ರಿಯಾಗಿದ್ದ ಸರ್ ಎಡ್ವರ್ಡ್ ಗ್ರೇಯ ತಮ್ಮ ಜಾರ್ಜ್ ಗ್ರೇ ಎಂಬಾತನು, ಅಳ್ಳೆದೆಯವನಲ್ಲ, ಕಟಾಂಗ ಪ್ರಾಂತವನ್ನು ಶೋಧಿಸಿದ ಅನುಭವಿ, ನೈರೋಬಿಯ ಸಮೀಪದ ಬಯಲಿನಲ್ಲಿ .280 ರಾಸ್ ಹಿಡಿದು ಸಿಂಹವನ್ನು ಎದುರಿಸಿದನು. ಮೇಲೆ ಬೀಳುತ್ತಿದ್ದ ಸಿಂಹಕ್ಕೆ ಅವನ ಗುಂಡುಗಳು ತಗುಲಿದವು. ಆದರೆ ಅವು ದೂರದ ಜಿಂಕೆಗಾಗಿ ಮಾಡಿದ, ಬೇಗ ಒಡೆಯುವ ಗುಂಡುಗಳು. ಅಷ್ಟು ಹತ್ತಿರದಲ್ಲಿ, ಅಷ್ಟು ವೇಗದಲ್ಲಿ, ಸಿಂಹದ ಗಟ್ಟಿಯಾದ ಮಾಂಸಖಂಡದ ಹೊರಪದರದಲ್ಲಿಯೇ ಚೂರಾಗಿ, ಪ್ರಾಣಸ್ಥಾನವನ್ನು ಮುಟ್ಟಲಿಲ್ಲ. ಸಿಂಹ ಅವನನ್ನು ಕೆಡವಿ ಸೀಳಿತು. ಕೆಲವು ದಿನಗಳ ತರುವಾಯ ಅವನು ಮೃತನಾದನು. ಇದೇ ಮನೆತನದ ಮತ್ತೊಬ್ಬ ಸೋದರನು 1928ರಲ್ಲಿ ಆಫ್ರಿಕದಲ್ಲಿಯೇ ಕಾಡೆಮ್ಮೆಯಿಂದ ಹತನಾದನೆಂಬುದನ್ನು ಓದಿದಾಗ ನಮಗೆ ನಮ್ಮ ಪುರಾಣಗಳ ಶಾಪದ ಕತೆಗಳು ನೆನಪಾಗದಿರಲಿಲ್ಲ.

ರಾಸ್‌ನ ಜೊತೆಗೆ ಇಟ್ಟು ನೋಡತಕ್ಕ ಇನ್ನೊಂದು ಉದಾಹರಣೆಯಿದೆ. ಅದೇ ಕಾಲದಲ್ಲಿ, ಅದೇ ಆಫ್ರಿಕದಲ್ಲಿ, ಬೆಲ್ ಎಂಬ ಸ್ಕಾಟ್ ಬೇಟೆಗಾರನು ಸಾವಿರಕ್ಕೂ ಹೆಚ್ಚು ಆನೆಗಳನ್ನು ಕೊಂದನು. ಸಂಖ್ಯೆಯನ್ನು ಕೇಳಿದರೆ ಮನಸ್ಸು ಕುಗ್ಗುತ್ತದೆ. ಆದರೆ ವಿಚಾರಕ್ಕೆ ಬೇಕಾದ ಅಂಶ ಬೇರೆ. ಅವನು ಬಹುಪಾಲು ಬಳಸಿದುದು .275 ರಿಗ್ಬಿ, ಅರ್ಥಾತ್ ಜರ್ಮನರ 7 ಮಿಲಿಮೀಟರ್ ಮೌಸರ್ ತೋಟಾ. ನಳಿಗೆಯ ಅಗಲ ರಾಸ್‌ನದಕ್ಕೆ ಹೆಚ್ಚು ಕಡಮೆ ಸಮ. ವೇಗ ಮಾತ್ರ ಸೆಕೆಂಡಿಗೆ ಆರೇಳು ನೂರು ಅಡಿ ಕಡಮೆ. ಆದರೆ ಗುಂಡು 173 ಗ್ರೇನಿನದು, ಉದ್ದನೆಯದು, ಪೂರ್ತಿ ಲೋಹದ ಕವಚ ತೊಟ್ಟು ಒಡೆಯದೆ ಒಳಹೊಗತಕ್ಕದ್ದು. ಬೆಲ್ ಆನೆಯ ತಲೆಬುರುಡೆಯನ್ನು ಗರಗಸದಿಂದ ಕೊಯ್ದು ಮಿದುಳಿನ ಸ್ಥಾನವನ್ನು ಅಭ್ಯಾಸ ಮಾಡಿದವನು. ನಿಧಾನವಾದ ಗುಂಡು ಆನೆಯ ಮಿದುಳನ್ನು ಮುಟ್ಟಿತು. ವೇಗದ ಗುಂಡು ಸಿಂಹದ ಹೃದಯವನ್ನು ಮುಟ್ಟಲಿಲ್ಲ.

ನಮ್ಮ ಕಾಡುಗಳ ವಿಷಯಕ್ಕೆ ಬಂದರೆ, ಇಲ್ಲಿ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಬಿದಿರು ಮೆಳೆ, ಲಂಟಾನದ ಪೊದೆಗಳ ನಡುವೆ ಐವತ್ತು ಗಜ ಕಣ್ಣು ಹರಿದರೆ ಹೆಚ್ಚು. ಬೆಂಗಳೂರಿನಲ್ಲಿ ನೆಲಸಿದ್ದ ಕೆನೆತ್ ಆಂಡರ್ಸನ್ ನರಭಕ್ಷಕಗಳ ಬೆನ್ನುಹತ್ತಿದಾಗ ಹಿಡಿದದ್ದು, ಕೊಡಗಿನ ಆ ಮೇಜಿನ ಮೇಲಿದ್ದ ಅಗಲಬಾಯಿಯ .405 ತೋಟಾದ ವಿಂಚೆಸ್ಟರ್ ಕೋವಿಯನ್ನೇ. 300 ಗ್ರೇನಿನ ಗುಂಡು, ಸುಮಾರು 2,200 ಅಡಿಯ ವೇಗ. ಮುನ್ನೂರು ಗಜಕ್ಕೆ ಅದು ಕಲ್ಲಿನಂತೆ ಬೀಳುತ್ತದೆ. ಅಟ್ಟಣೆಯ ಮೇಲೆ ಕುಳಿತವನಿಗೆ ಮುನ್ನೂರು ಗಜವನ್ನು ಕಟ್ಟಿಕೊಂಡು ಆಗಬೇಕಾದುದೇನು?

ದೂರ ಮತ್ತು ಹತ್ತಿರ ಎರಡಕ್ಕೂ ಒಂದೇ ಕೋವಿ ಸಾಕಾಗುವಂತೆ ಮಾಡಿದವರು ಲಂಡನ್ನಿನ ಹಾಲೆಂಡ್ ಮತ್ತು ಹಾಲೆಂಡ್ ಕಂಪೆನಿಯವರು. 1912ರಲ್ಲಿ ಅವರ .375 ಮ್ಯಾಗ್ನಮ್ ಹೊರಬಿದ್ದಿತು: 300 ಗ್ರೇನಿನ ಗುಂಡು, ಇಂದಿನ ಲೆಕ್ಕದಲ್ಲಿ ಸುಮಾರು 2,530 ಅಡಿಯ ವೇಗ. 1925ರಲ್ಲಿ ಅದೇ ತೋಟಾದ ಕತ್ತನ್ನು ಕಿರಿದುಮಾಡಿ .300 ಮ್ಯಾಗ್ನಮ್ ಮಾಡಿದರು. ಇವುಗಳ ಆಕಾರವು ಸುಮ್ಮನೆ ಬಂದುದಲ್ಲ. ಕಾರ್ಡೈಟ್ ಮದ್ದು ಬಿಸಿಲಿಗೆ ಉಗ್ರವಾಗುತ್ತದೆ. ಲಂಡನ್ನಿನ ಚಳಿಯಲ್ಲಿ ಸೌಮ್ಯವಾಗಿದ್ದ ತೋಟಾ ಹಿಂದೂಸ್ಥಾನದ ವೈಶಾಖದಲ್ಲಿ ಕೋವಿಯ ಬೀಗವನ್ನೇ ಬಿಗಿದುಬಿಡುವುದುಂಟು. ಅದಕ್ಕಾಗಿ ತೋಟಾವನ್ನು ಅಗತ್ಯಕ್ಕಿಂತ ಹಿಗ್ಗಲಿಸಿ ಮಾಡಿ, ಒತ್ತಡವನ್ನು ತಗ್ಗಿಸಿದರು. ಸಲೀಸಾಗಿ ಒಳಸರಿದು ಹೊರಬರಲೆಂದು ಒಡಲನ್ನು ಓರೆಮಾಡಿ ಹೆಗಲನ್ನು ಇಳಿಜಾರಾಗಿಸಿದರು. ಹೆಗಲು ಹಾಗೆ ಇಳಿಬಿದ್ದಮೇಲೆ ತೋಟಾವು ನಳಿಗೆಯಲ್ಲಿ ತನ್ನ ಸ್ಥಾನದಲ್ಲಿ ನಿಲ್ಲಲು ಆಧಾರ ಬೇಕಲ್ಲವೆ? ಆ ಆಧಾರವೇ ಬುಡದ ಪಟ್ಟಿ. ಮುಂದೆ ಹೊಸ ಮದ್ದುಗಳು ಬಂದು, ಹೆಗಲು ಚೂಪಾಗಿ, ಪಟ್ಟಿಯ ಪ್ರಯೋಜನ ಹೋದಮೇಲೂ ಅಮೆರಿಕದವರು ಅದನ್ನು ಬಿಡಲಿಲ್ಲ. ಪಟ್ಟಿಯಿಲ್ಲದುದು ಮ್ಯಾಗ್ನಮ್ ಅಲ್ಲವೆಂದು ಗಿರಾಕಿಗಳು ನಂಬಿದ್ದರು. ಅರ್ಥ ಮರೆತು ಆಚಾರ ಉಳಿಯುವುದು ನಮ್ಮಲ್ಲಿ ಮಾತ್ರವಲ್ಲ.

ಅಮೆರಿಕದಲ್ಲಿ .300 ಹಾಲೆಂಡ್ ಪ್ರಸಿದ್ಧಿಗೆ ಬಂದುದು 1935ರಲ್ಲಿ, ಬೆನ್ ಕಂಫರ್ಟ್ ಎಂಬಾತನು ಸಾವಿರ ಗಜದ ವಿಂಬಲ್ಡನ್ ಕಪ್ ಪಂದ್ಯವನ್ನು ಅದರಿಂದ ಗೆದ್ದಾಗ. ಹನ್ನೊಂದು ವರ್ಷ ಕಳೆದು, 1946ರಲ್ಲಿ, ಜಾನ್ ನೋಸ್ಲರ್ ಎಂಬವನು ಇದೇ .300 ಹಾಲೆಂಡನ್ನು ಹಿಡಿದು ಬ್ರಿಟಿಷ್ ಕೊಲಂಬಿಯದಲ್ಲಿ ಮೂಸ್ ಎಂಬ ಭಾರಿ ಸಾರಂಗಕ್ಕೆ ಹೊಡೆದನು. ಮೃಗವು ಕೆಸರಿನಲ್ಲಿ ಹೊರಳಿ ಮೈಗೆಲ್ಲ ಮಣ್ಣಿನ ಹೊದಿಕೆ ಕಟ್ಟಿಕೊಂಡಿತ್ತು. ವೇಗವಾಗಿ ಬಂದ ಗುಂಡುಗಳು ಮೇಲೆಯೇ ಚೆದುರಿದವು. ಜಾರ್ಜ್ ಗ್ರೇ ಸತ್ತು ಮೂವತ್ತೈದು ವರ್ಷವಾಗಿದ್ದರೂ ಪಾಠ ಅದೇ! ನೋಸ್ಲರ್ ಮಾತ್ರ ಸುಮ್ಮನಿರಲಿಲ್ಲ. ಗುಂಡಿನ ನಡುವೆ ತಾಮ್ರದ ಅಡ್ಡಗೋಡೆಯೊಂದನ್ನಿಟ್ಟು, ಮುಂಭಾಗ ಅರಳಿದರೂ ಹಿಂಭಾಗ ಇಡಿಯಾಗಿ ಒಳಹೋಗುವಂತೆ ಮಾಡಿ, 1948ರಲ್ಲಿ ಮಾರಾಟಕ್ಕೆ ತಂದನು. ನಮ್ಮ ದೃಷ್ಟಿಯಲ್ಲಿ ಮ್ಯಾಗ್ನಮ್‌ಗಳ ಚರಿತ್ರೆಯಲ್ಲಿ ನಡೆದ ಅತ್ಯಂತ ದೊಡ್ಡ ಘಟನೆ ಇದೇ. ಹೊಸ ತೋಟಾವಲ್ಲ, ಹೊಸ ಗುಂಡು.

ಆದರೆ ಜನ ನೋಡಿದ್ದು ತೋಟಾಗಳ ಕಡೆಗೇ. ಕ್ಯಾಲಿಫೋರ್ನಿಯದ ರಾಯ್ ವೆದರ್ಬಿ .300 ಹಾಲೆಂಡಿನ ಒಡಲನ್ನು ಹಿಗ್ಗಿಸಿ, 1944ರಲ್ಲಿ .300 ವೆದರ್ಬಿಯನ್ನು ಮಾಡಿದನು; ವೇಗವೊಂದೇ ಸರ್ವಸ್ವವೆಂಬ ಮತಕ್ಕೆ ಅವನೇ ಆಚಾರ್ಯ. ವಿಂಚೆಸ್ಟರ್ ಕಂಪೆನಿಯು ತೋಟಾವನ್ನು ಕತ್ತರಿಸಿ ಸಾಧಾರಣ ಕೋವಿಗೆ ಹೊಂದುವಂತೆ ಮಾಡಿ 1958ರಲ್ಲಿ .338ನ್ನೂ, 1963ರಲ್ಲಿ .300 ವಿಂಚೆಸ್ಟರ್ ಮ್ಯಾಗ್ನಮ್ಮನ್ನೂ ತಂದಿತು. ನಡುವೆ 1962ರಲ್ಲಿ ರೆಮಿಂಗ್‌ಟನ್ನಿನ 7 ಮಿಲಿಮೀಟರ್ ಮ್ಯಾಗ್ನಮ್ ಬಂದಿತು.

ಇವುಗಳನ್ನು ತಕ್ಕಡಿಯಲ್ಲಿ ಇಡೋಣ. ಮ್ಯಾಗ್ನಮ್ ಅಲ್ಲದ, 1906ರ ಅಮೆರಿಕನ್ ಸೈನ್ಯದ .30-06 ತೋಟಾವು ಒಂದು ತೊಲದ ಗುಂಡನ್ನು ಸೆಕೆಂಡಿಗೆ 2,700 ಅಡಿಯಂತೆ ಎಸೆಯುತ್ತದೆ. ಅದೇ ತೂಕಕ್ಕೆ .300 ಹಾಲೆಂಡ್ 2,880; .300 ವಿಂಚೆಸ್ಟರ್ 2,960; .300 ವೆದರ್ಬಿ 3,240ರ ಆಸುಪಾಸು. ಇನ್ನೂರು ಗಜಕ್ಕೆ ಗುರಿಯನ್ನು ಹೊಂದಿಸಿದರೆ, ನಾನೂರು ಗಜದಲ್ಲಿ .30-06ರ ಗುಂಡು ಸುಮಾರು ಎರಡಡಿ ಇಳಿಯುತ್ತದೆ. ವಿಂಚೆಸ್ಟರಿನದು ಒಂದು ಅಡಿ ಎಂಟು ಅಂಗುಲದಷ್ಟು. ವೆದರ್ಬಿಯದು ಒಂದೂಕಾಲು ಅಡಿಗಿಂತ ಸ್ವಲ್ಪ ಹೆಚ್ಚು. ಎಲ್ಕ್ ಎಂಬ ಸಾರಂಗದ ಹೃದಯ ಶ್ವಾಸಕೋಶಗಳ ಜಾಗವು ಒಂದು ಮೊಳಕ್ಕೂ ಕಡಮೆ. ಲಾಭವಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ವೇಗದಲ್ಲಿ ಐದರಲ್ಲೊಂದು ಪಾಲು ಲಾಭಕ್ಕೆ ವೆದರ್ಬಿಯು ಹೆಚ್ಚು ಕಡಮೆ ಒಂದೂವರೆಯಷ್ಟು ಮದ್ದನ್ನು ಸುಡುತ್ತದೆ, ಕೋವಿಯ ಒದೆತವೂ ಅದೇ ಪ್ರಮಾಣದಲ್ಲಿ ಏರುತ್ತದೆ. ಒದೆಯುವ ಕೋವಿಯನ್ನು ಹಿಡಿದವನು ಕುದುರೆ ಎಳೆಯುವ ಮುನ್ನವೇ ಕಣ್ಣು ಮುಚ್ಚುತ್ತಾನೆ. ಕಣ್ಣು ಮುಚ್ಚಿದವನ ಗುಂಡು ನಾಲ್ಕಂಗುಲವೇನು, ನಾಲ್ಕು ಗಜ ತಪ್ಪೀತು. ಅಲ್ಲದೆ ಈಗ ದೂರವನ್ನು ಬೆಳಕಿನ ಕಿರಣದಿಂದ ಅಳೆಯುವ ಯಂತ್ರ ಬಂದಿರುವುದರಿಂದ, ಇಳಿತವನ್ನು ಲೆಕ್ಕಹಾಕಿ ಸರಿಪಡಿಸಬಹುದು. ಸರಿಪಡಿಸಲಾಗದ್ದು ಗಾಳಿ. ಗಂಟೆಗೆ ಹತ್ತು ಮೈಲಿಯ ಅಡ್ಡಗಾಳಿಯು ಐನೂರು ಗಜದಲ್ಲಿ ಒಂದು ತೊಲದ ಗುಂಡನ್ನು ಒಂದಡಿಗೂ ಮಿಕ್ಕಿ ಸರಿಸುತ್ತದೆ. ಕಣಿವೆಯ ನಡುವೆ ಗಾಳಿ ಎಷ್ಟಿದೆಯೆಂದು ಈಚೆ ದಡದಲ್ಲಿ ಮಲಗಿದವನಿಗೆ ತಿಳಿಯುವುದು ಹೇಗೆ? ಐನೂರು ಗಜವನ್ನು ಮುಟ್ಟಲು ಗುಂಡಿಗೆ ಅರ್ಧ ಸೆಕೆಂಡಿಗಿಂತಲೂ ಹೆಚ್ಚು ಬೇಕು. ಅಷ್ಟರಲ್ಲಿ ಮೇಯುತ್ತಿದ್ದ ಮೃಗ ಒಂದು ಹೆಜ್ಜೆ ಮುಂದಿಟ್ಟರೆ ಸಾಕು, ಹೃದಯಕ್ಕೆ ಇಟ್ಟ ಗುರಿ ಹೊಟ್ಟೆಗೆ ತಗಲುತ್ತದೆ.

ಕೊಡಗಿನ ಆ ಹಿರಿಯರು ನಮಗೆ ಹೇಳಿದ್ದು ಇಂತಹುದೇ ಒಂದು ಸಂಗತಿ. ಬೇಟೆಗೆ ಅಪ್ಪಣೆಯಿದ್ದ ಕಾಲದಲ್ಲಿ ಅವರ ತಂದೆ, ಹೊಸದಾಗಿ ಕೊಂಡ .300ರಿಂದ ಕಣಿವೆಯಾಚೆಯ ಗುಡ್ಡದ ಮೇಲಿದ್ದ ಕಡವೆಗೆ ಹೊಡೆದರಂತೆ. ಅದು ಬಿದ್ದು, ಎದ್ದು, ಮರೆಯಾಯಿತು. ಕಣಿವೆಯನ್ನು ಇಳಿದು ಹತ್ತುವ ಹೊತ್ತಿಗೆ ಒಂದೂವರೆ ಗಂಟೆ ಕಳೆದಿತ್ತು. ಒಂದು ಫರ್ಲಾಂಗ್ ದೂರ ರಕ್ತದ ಜಾಡು ಸಿಕ್ಕಿತು. ಬಳಿಕ ಮಳೆ ಹಿಡಿಯಿತು. ಎರಡು ದಿನ ಹುಡುಕಿದರು. ಅಗಲಬಾಯಿಯ ಕೋವಿಯಿಂದ ಅಷ್ಟು ದೂರಕ್ಕೆ ಹೊಡೆಯುವ ಯೋಚನೆಯೇ ಅವರಿಗೆ ಬರುತ್ತಿರಲಿಲ್ಲವೆಂದು ಮಗ ಹೇಳಿದರು.

ಆಯ್ಕೆ ಮಾಡಲೇಬೇಕೆಂದು ಯಾರಾದರೂ ಒತ್ತಾಯಿಸಿದರೆ, ಬಯಲಿನ ಮತ್ತು ಪರ್ವತದ ದೊಡ್ಡ ಸಾರಂಗಕ್ಕೆ .300 ವಿಂಚೆಸ್ಟರನ್ನು, ಗಟ್ಟಿಯಾದ ಗುಂಡಿನೊಡನೆ, ಮುನ್ನೂರೈವತ್ತು ಗಜದೊಳಗೆ, ನಾವು ಒಪ್ಪುತ್ತೇವೆ. ವೆದರ್ಬಿಯ ಹೆಚ್ಚಿನ ವೇಗವು ಅದನ್ನು ತಡೆದುಕೊಳ್ಳಬಲ್ಲ ಹತ್ತರಲ್ಲಿ ಒಬ್ಬನಿಗೆ ಸರಿ. ಈಚಿನ ವರ್ಷಗಳಲ್ಲಿ ವಾದವು ತೋಟಾವನ್ನು ಬಿಟ್ಟು ಗುಂಡಿನ ಆಕಾರದ ಕಡೆಗೆ ತಿರುಗಿದೆ. 2007ರಲ್ಲಿ ಬಂದ 6.5 ಕ್ರೀಡ್‌ಮೋರ್ ಎಂಬ ಸಣ್ಣ ತೋಟಾವು, ಮ್ಯಾಗ್ನಮ್ ಎಂಬ ಬಿರುದೇ ಇಲ್ಲದೆ, ಉದ್ದನೆಯ ತೆಳುಗುಂಡಿನಿಂದ ಗಾಳಿಯನ್ನು ಸೀಳಿ ದೊಡ್ಡವರನ್ನು ನಾಚಿಸಿದೆ, ಗುರಿಯ ಹಲಗೆಯ ಮೇಲೆ.

ಇಷ್ಟೆಲ್ಲ ನಡೆದರೂ 1912ರ .375 ಹಾಗೆಯೇ ನಿಂತಿದೆ. ಅದರ ಗುಂಡಿನ ದಾರಿಯು ಮುನ್ನೂರು ಗಜದವರೆಗೆ .30-06ರ ದಾರಿಯಿಂದ ಹೆಚ್ಚು ದೂರ ಸರಿಯದು. ಕಾಡೆಮ್ಮೆ, ಸಿಂಹಗಳಂತಹ ಅಪಾಯದ ಮೃಗಗಳ ಬೇಟೆಗೆ ಆಫ್ರಿಕದ ಹಲವು ದೇಶಗಳ ಶಾಸನವು ಅದಕ್ಕಿಂತ ಕಡಮೆಯದನ್ನು ಒಪ್ಪುವುದಿಲ್ಲ. ಅದರ ಒಡಲಿನ ಕಾರ್ಡೈಟ್ ಎಂದೋ ಮಾಯವಾಯಿತು. ಹಿಂದೂಸ್ಥಾನದ ಬೇಸಗೆಗಾಗಿ ಮಾಡಿದ ಇಳಿಜಾರು ಮಾತ್ರ ಇಂದಿಗೂ ಹಾಗೆಯೇ ಇದೆ.

ಅಂದು ಆ ಹಿರಿಯರ ಪ್ರಶ್ನೆಗೆ ನಾವು ಉದ್ದನೆಯ ತೋಟಾವನ್ನೇ ತೋರಿಸಿದ್ದೆವು. ಅವರು ಸರಿಯೆಂದೂ ಹೇಳಲಿಲ್ಲ, ತಪ್ಪೆಂದೂ ಹೇಳಲಿಲ್ಲ. ಎರಡನ್ನೂ ಎತ್ತಿಕೊಂಡು ಒಳಗೆ ಹೋದರು.